ಉತ್ತರ ಉಳಿದು ಪ್ರಶ್ನೆ ಕಳೆದಾಗ: ಕನ್ನಡ ಸಾಹಿತ್ಯ ಚರ್ಚೆಗಳ ಶೋಧ ಮತ್ತು ಪತ್ರಿಕಾ ಆಕರಗಳು

ಆಧುನಿಕ ಕನ್ನಡ ವಿಮರ್ಶೆಯ ಚರಿತ್ರೆ ಬಹುಮಟ್ಟಿಗೆ ಗ್ರಂಥಗಳನ್ನು ಆಧರಿಸಿ ರಚಿತವಾಗಿದೆ. ಆದರೆ ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ವಿಮರ್ಶೆಯ ಹುಟ್ಟು ಗ್ರಂಥಗಳಲ್ಲಿ ಆದದ್ದಲ್ಲ. ಧಾರವಾಡದ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’, 1916ರಲ್ಲಿ ಆರಂಭವಾದ ‘ಪರಿಷತ್ಪತ್ರಿಕೆ’, 1919ರ ‘ಪ್ರಬುದ್ಧ ಕರ್ಣಾಟಕ’, 1922ರ ‘ಜಯಕರ್ನಾಟಕ’ಗಳಿಂದ ತೊಡಗಿ 1962ರ ‘ಸಾಕ್ಷಿ’, 1964ರ ‘ಸಂಕ್ರಮಣ’, 1973ರ ‘ಶೂದ್ರ’, 1981ರ ‘ಋಜುವಾತು’ಗಳವರೆಗೆ ವಿಮರ್ಶೆಯ ಮಾತು ಮೊದಲು ಆಡಿಸಲ್ಪಟ್ಟದ್ದು ನಿಯತಕಾಲಿಕಗಳಲ್ಲಿ. ಅಲ್ಲಿ ಅದು ಒಂದು ಅಭಿಪ್ರಾಯವಾಗಿ ಮಾತ್ರ ಇರಲಿಲ್ಲ. ಮತ್ತೊಂದು ಅಭಿಪ್ರಾಯಕ್ಕೆ ಕೊಟ್ಟ ಉತ್ತರವಾಗಿತ್ತು, ಅಥವಾ ಉತ್ತರವನ್ನು ಬೇಡುವ ಪ್ರಶ್ನೆಯಾಗಿತ್ತು. ಗ್ರಂಥರೂಪಕ್ಕೆ ಬಂದಾಗ ಈ ಗುಣವೇ ಮೊದಲು ಕಳಚಿಬೀಳುತ್ತದೆ. ಲೇಖನ ಉಳಿಯುತ್ತದೆ, ಅದು ಯಾರಿಗೆ, ಯಾವ ಮಾತಿಗೆ, ಯಾವ ತಿಂಗಳಲ್ಲಿ ಹೇಳಿದ ಮಾತು ಎಂಬುದು ಉಳಿಯುವುದಿಲ್ಲ.

ಹಳೆಯ ಚರ್ಚೆಯೊಂದನ್ನು ಹುಡುಕಿ ತೆಗೆಯುವ ಕೆಲಸವನ್ನು ಸಾಮಾನ್ಯವಾಗಿ ಸಂಶೋಧನೆಯ ಪೂರ್ವಸಿದ್ಧತೆಯೆಂದು, ಗ್ರಂಥಾಲಯ ಸಿಬ್ಬಂದಿಯ ನೆರವಿನಿಂದ ಮುಗಿಸಬೇಕಾದ ಪ್ರಾಥಮಿಕ ಪರಿಶ್ರಮವೆಂದು ಭಾವಿಸಲಾಗುತ್ತದೆ. ಈ ಭಾವನೆ ಸರಿಯಲ್ಲ. ಹುಡುಕುವ ಕ್ರಮವೇ ದೊರೆಯುವ ಚರಿತ್ರೆಯನ್ನು ನಿರ್ಧರಿಸುತ್ತದೆ. ಲೇಖಕನ ಹೆಸರಿನಿಂದ ಹುಡುಕಿದವರಿಗೆ ಅಭಿಪ್ರಾಯಗಳು ದೊರೆಯುತ್ತವೆ. ಸಂಚಿಕೆಯಿಂದ ಸಂಚಿಕೆಗೆ ಹಿಂದಕ್ಕೆ ನಡೆದವರಿಗೆ ಮಾತ್ರ ಚರ್ಚೆ ದೊರೆಯುತ್ತದೆ. ಇವೆರಡರ ನಡುವಿನ ಅಂತರ ಎಷ್ಟೆಂಬುದನ್ನು ಕನ್ನಡದ ಕೆಲವು ಪ್ರಸಿದ್ಧ ವಾಗ್ವಾದಗಳ ಮೂಲಕವೇ ಪರಿಶೀಲಿಸಬಹುದು.

ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕ 1944ರಲ್ಲಿ ಪ್ರಕಟವಾಯಿತು. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ಶಂಬೂಕನನ್ನು ರಾಮನು ವಧಿಸುತ್ತಾನೆ. ನಾಟಕದಲ್ಲಾದರೋ ರಾಮನು ಪ್ರಯೋಗಿಸಿದ ಅಸ್ತ್ರ ತಪಸ್ವಿಗೆ ಎರಗದೆ ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಕೊನೆಗೆ ಅವನ ಕಣ್ಣು ತೆರೆಯುತ್ತದೆ. ಈ ಮಾರ್ಪಾಡನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಆಕ್ಷೇಪಿಸಿದರು. ಕುವೆಂಪು ಅವರು ಉತ್ತರಿಸಿದರು. ಇಷ್ಟು ಸಂಗತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದದ್ದೇ. ಆದರೆ ವಿಮರ್ಶೆಯ ಬರವಣಿಗೆಯಲ್ಲಿ ಇದು ಉಳಿದುಬಂದಿರುವ ಬಗೆಯನ್ನು ಗಮನಿಸಬೇಕು. ಉತ್ತರದ ಕಾವು ನೆನಪಿನಲ್ಲಿ ಉಳಿದಷ್ಟು ಆಕ್ಷೇಪದ ತಿರುಳು ಉಳಿದಿಲ್ಲ. ಮಾಸ್ತಿಯವರನ್ನು ಸಂಪ್ರದಾಯದ ವಕ್ತಾರರೆಂದೂ ಕುವೆಂಪು ಅವರನ್ನು ವಿಚಾರಕ್ರಾಂತಿಯ ವಕ್ತಾರರೆಂದೂ ನಿಲ್ಲಿಸಿದ ಕೂಡಲೇ ಚರ್ಚೆ ಮುಗಿದುಹೋದಂತೆ ತೋರುತ್ತದೆ.

ಮಾಸ್ತಿಯವರು ಎತ್ತಿದ ಪ್ರಶ್ನೆಯಲ್ಲಿ ಕಾವ್ಯಮೀಮಾಂಸೆಗೆ ಸಂಬಂಧಿಸಿದ ಅಂಶವೊಂದಿದೆ. ಜನಮನದಲ್ಲಿ ನೆಲೆನಿಂತ ಹಳೆಯ ಕಥೆಯನ್ನು ಈ ಕಾಲದ ಅಭಿಪ್ರಾಯಕ್ಕೆ ಒಗ್ಗಿಸಿಕೊಳ್ಳಲು ಕವಿಗೆ ಎಷ್ಟು ಸ್ವಾತಂತ್ರ್ಯವಿದೆ. ಹೊಸ ಅಭಿಪ್ರಾಯಕ್ಕೆ ಹೊಸ ಕಥೆಯನ್ನೇ ಏಕೆ ಕಟ್ಟಬಾರದು ಎಂಬುದು ಆ ಪ್ರಶ್ನೆ. ಇದು ಉತ್ತರಕ್ಕೆ ಅರ್ಹವಾದ ಪ್ರಶ್ನೆ ಎಂಬುದಕ್ಕೆ ಕುವೆಂಪು ಅವರು ಅದಕ್ಕೆ ಉತ್ತರಿಸಿದ್ದೇ ಸಾಕ್ಷಿ. ಆಕ್ಷೇಪವನ್ನು ಪೂರ್ಣವಾಗಿ ಓದಿದ ಬಳಿಕವೂ ಕುವೆಂಪು ಅವರ ನಿಲುವೇ ಬಲವಾದದ್ದೆಂದು ತೀರ್ಮಾನಿಸಬಹುದು. ಹಾಗೆ ತೀರ್ಮಾನಿಸಲು ಸಕಾರಣಗಳಿವೆ. ಪಂಪನಿಂದ ಮೊದಲುಗೊಂಡು ಕನ್ನಡದ ಯಾವ ದೊಡ್ಡ ಕವಿಯೂ ಪುರಾಣಕಥೆಯನ್ನು ಮಾರ್ಪಾಡಿಲ್ಲದೆ ಸ್ವೀಕರಿಸಿದವನಲ್ಲ. ಆದರೆ ಆಕ್ಷೇಪವನ್ನು ಓದದೆ ಕೊಟ್ಟ ತೀರ್ಪಿಗೂ ಓದಿ ಕೊಟ್ಟ ತೀರ್ಪಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕುವೆಂಪು ಗೆಲ್ಲುವುದು ಜಾತಿಯ ನೆಲೆಯಲ್ಲಿ ಮಾತ್ರ. ಎರಡನೆಯದರಲ್ಲಿ ಅವರು ಕಾವ್ಯದ ನೆಲೆಯಲ್ಲಿಯೂ ಗೆಲ್ಲುತ್ತಾರೆ. ಪ್ರಶ್ನೆ ಕಳೆದುಹೋದಾಗ ಉತ್ತರ ಕೊಟ್ಟವರಿಗೂ ನಷ್ಟವೇ. 1944ರಿಂದ ಮಾಸ್ತಿಯವರು ‘ಜೀವನ’ ಪತ್ರಿಕೆಯ ಸಂಪಾದಕರೂ ಆಗಿದ್ದರು. ಎರಡು ದಶಕಗಳ ಕಾಲ ಕನ್ನಡದ ಚರ್ಚೆಗಳಿಗೆ ವೇದಿಕೆಯೊದಗಿಸಿದ ಸಂಪಾದಕರೊಬ್ಬರು ಒಂದೇ ಆಕ್ಷೇಪದ ಒಂದೇ ಸಾಲಿನ ಸಾರಾಂಶವಾಗಿ ಉಳಿದಿರುವುದು ವಿಚಾರಾರ್ಹ.

ಅ.ನ.ಕೃಷ್ಣರಾಯರ ಪ್ರಕರಣದಲ್ಲಿ ಈ ಅಸಮತೋಲ ಇನ್ನೂ ಸ್ಪಷ್ಟ. ವೇಶ್ಯಾಸಮಸ್ಯೆಯನ್ನು ವಸ್ತುವಾಗುಳ್ಳ ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಿತು. ಅನಕೃ ಅದಕ್ಕೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದರು. ಆ ಗ್ರಂಥ ಗ್ರಂಥಾಲಯಗಳಲ್ಲಿದೆ, ಸೂಚಿಗಳಲ್ಲಿ ನಮೂದಾಗಿದೆ, ಉದ್ಧೃತವಾಗುತ್ತದೆ. ಆದರೆ ಆರೋಪಗಳು? ಅವು ದಿನಪತ್ರಿಕೆಯ ಪತ್ರಗಳಲ್ಲಿ, ಸಭೆಗಳ ವರದಿಗಳಲ್ಲಿ, ವಿಮರ್ಶಾ ಟಿಪ್ಪಣಿಗಳಲ್ಲಿ ಚದುರಿಹೋಗಿವೆ. ಆಪಾದಿತನ ಹೇಳಿಕೆ ಮಾತ್ರ ಉಳಿದು ಆಪಾದನೆಯ ಕಡತ ಕಾಣೆಯಾದ ಮೊಕದ್ದಮೆಯಂತಾಗಿದೆ ಇದು. ಪರಿಣಾಮವಾಗಿ ಆಪಾದನೆಯನ್ನು ಅನಕೃ ಅವರ ಉತ್ತರದ ಮೂಲಕವೇ ಅಂದಾಜು ಮಾಡಬೇಕಾಗುತ್ತದೆ. ಯಾವ ಪ್ರತಿವಾದಿಯೂ ಎದುರಾಳಿಯ ವಾದವನ್ನು ಅದರ ಅತ್ಯಂತ ಸಮರ್ಥ ರೂಪದಲ್ಲಿ ಮಂಡಿಸುವುದಿಲ್ಲ; ಅದು ಪ್ರತಿವಾದಿಯ ಕರ್ತವ್ಯವೂ ಅಲ್ಲ. ಆರೋಪ ಮಾಡಿದವರೆಲ್ಲರೂ ಮಡಿವಂತರಾಗಿದ್ದರೇ, ಸ್ತ್ರೀಯ ಚಿತ್ರಣದ ಬಗ್ಗೆ ಸ್ತ್ರೀಯರೇ ಎತ್ತಿದ ಪ್ರಶ್ನೆಗಳು ಅವರಲ್ಲಿ ಸೇರಿದ್ದವೇ ಎಂಬುದನ್ನು ಗ್ರಂಥದಿಂದ ತಿಳಿಯಲಾಗುವುದಿಲ್ಲ. ನಂಜನಗೂಡು ತಿರುಮಲಾಂಬ ಅವರ ‘ಕರ್ನಾಟಕ ನಂದಿನಿ’, ಆರ್.ಕಲ್ಯಾಣಮ್ಮನವರ ‘ಸರಸ್ವತಿ’ಯಂತಹ ಪತ್ರಿಕೆಗಳ ಪರಂಪರೆಯುಳ್ಳ ಭಾಷೆಯಲ್ಲಿ ಸ್ತ್ರೀಯರ ಪ್ರತಿಕ್ರಿಯೆ ಇರಲೇ ಇಲ್ಲವೆಂದು ಭಾವಿಸುವುದು ಅವಸರದ ಮಾತಾಗುತ್ತದೆ.

ಸಾಹಿತ್ಯದ ವಿಚಾರ ಹಾಗಿರಲಿ, ಸಂಶೋಧನೆಯ ಕ್ಷೇತ್ರದಲ್ಲಿ ಚರ್ಚೆಗಳು ಬೇರೊಂದು ರೀತಿಯಲ್ಲಿ ಮರೆಯಾಗುತ್ತವೆ. ಆರ್.ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಪ್ರಕಟವಾದದ್ದು 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಈ ನಡುವೆ, 1924ರಲ್ಲಿ ಮೊದಲ ಸಂಪುಟವನ್ನು ಪರಿಷ್ಕರಿಸಲಾಯಿತು. ಆ ಹದಿನೇಳು ವರ್ಷಗಳ ಅವಧಿ ಕನ್ನಡ ಕವಿಗಳ ಕಾಲ, ದೇಶ, ಮತಗಳ ಬಗ್ಗೆ ತೀವ್ರ ಜಿಜ್ಞಾಸೆ ನಡೆದ ಕಾಲ. ‘ಪರಿಷತ್ಪತ್ರಿಕೆ’ ಹುಟ್ಟಿದ್ದೂ ಆಗಲೇ. ಎರಡು ಪಾಠಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ನಡುವಣ ಚರ್ಚೆಯ ಹೆಜ್ಜೆಗಳನ್ನು ಗುರುತಿಸಬಹುದು. ಒಂದೇ ಪಾಠವನ್ನು, ಅದರಲ್ಲಿಯೂ ಪರಿಷ್ಕೃತ ಪಾಠವನ್ನು ಮಾತ್ರ ಓದಿದವರಿಗೆ ನಿರ್ಣಯ ದೊರೆಯುತ್ತದೆ. ನಿರ್ಣಯಕ್ಕೆ ಬಂದ ದಾರಿ ದೊರೆಯುವುದಿಲ್ಲ. ಮರುಮುದ್ರಣಕ್ಕೆ ಸಹಜವಾಗಿಯೇ ಪರಿಷ್ಕೃತ ಪಾಠ ಆಯ್ಕೆಯಾಗುತ್ತದೆ. ಹಳೆಯ ಮುದ್ರಣವನ್ನು ‘ಹಳತಾದದ್ದು’ ಎಂದು ಕಪಾಟಿನಿಂದ ತೆಗೆಯುವ ಗ್ರಂಥಾಲಯ ಒಂದು ಪ್ರತಿಯ ಜೊತೆಗೆ ಒಂದು ಚರ್ಚೆಯ ಅರ್ಧ ಭಾಗವನ್ನೇ ತೆಗೆದುಹಾಕಿರುತ್ತದೆ.

ಹುಡುಕಾಟದ ನಿಜವಾದ ತೊಡಕು ಇರುವುದು ಕನ್ನಡದ ವಾಗ್ವಾದ ಶೈಲಿಯಲ್ಲಿ. ಈ ಅಂಶಕ್ಕೆ ದೊರೆಯಬೇಕಾದ ಗಮನ ದೊರೆತಿಲ್ಲ. ಕಳೆದ ಶತಮಾನದ ಮೊದಲ ಅರ್ಧದ ಕನ್ನಡ ವಿದ್ವತ್ ಬರವಣಿಗೆಯಲ್ಲಿ ಎದುರಾಳಿಯನ್ನು ಹೆಸರಿಸದಿರುವುದು ಒಂದು ಶಿಷ್ಟಾಚಾರ. ‘ಈಚೆಗೆ ಮಹನೀಯರೊಬ್ಬರು’, ‘ನಮ್ಮ ಮಿತ್ರರೊಬ್ಬರು’, ‘ಕೆಲವು ವಿದ್ವಾಂಸರು’, ‘ಬಲ್ಲವರು’ ಎಂಬ ಮಾತುಗಳು ಅಂದಿನ ಓದುಗರಿಗೆ ಸಾಕಾಗಿದ್ದವು. ಹಿಂದಿನ ತಿಂಗಳ ಸಂಚಿಕೆಯನ್ನು ಓದಿದವರಿಗೆ ಆ ಮಹನೀಯರು ಯಾರೆಂಬುದು ಗೊತ್ತಿರುತ್ತಿತ್ತು. ಗೊತ್ತಿಲ್ಲದವರಿಗೆ ಗೊತ್ತಾಗದಿರಲಿ ಎಂಬುದೂ ಆ ಸೌಜನ್ಯದ ಒಂದು ಭಾಗವಾಗಿತ್ತು. ಇದಕ್ಕೆ ಕನ್ನಡದ ಗೌರವವಾಚಕ ಬಹುವಚನವೂ ಸೇರಿಕೊಳ್ಳುತ್ತದೆ. ‘ಅವರು ಹೀಗೆ ಹೇಳುತ್ತಾರೆ’ ಎಂಬಲ್ಲಿ ‘ಅವರು’ ಒಬ್ಬ ಹಿರಿಯರೋ ಒಂದು ಪಂಥವೋ ಎಂಬುದನ್ನು ವಾಕ್ಯ ಬಿಟ್ಟುಕೊಡುವುದಿಲ್ಲ. ಒಬ್ಬರಿಗೆ ಕೊಟ್ಟ ಉತ್ತರವನ್ನು ಒಂದು ತಲೆಮಾರಿಗೇ ಕೊಟ್ಟ ಉತ್ತರವೆಂದು ನಂತರದ ವಿಮರ್ಶಕರು ಓದಿಕೊಳ್ಳುವುದಕ್ಕೆ ಈ ವ್ಯಾಕರಣವೂ ಅವಕಾಶ ಮಾಡಿಕೊಟ್ಟಿದೆ. ನವೋದಯದವರು ಹೀಗೆಂದರು, ನವ್ಯರು ಹಾಗೆಂದರು ಎಂಬ ನಮ್ಮ ಸಾಹಿತ್ಯ ಚರಿತ್ರೆಗಳ ವಾಕ್ಯಗಳ ಹಿಂದೆ ಎಷ್ಟು ಕಡೆ ಇಂತಹ ಒಬ್ಬೊಬ್ಬ ‘ಅವರು’ ಇದ್ದಾರೆಂಬುದನ್ನು ಎಣಿಸಿ ನೋಡಬೇಕಾಗಿದೆ.

ಹೆಸರಿಲ್ಲದ ಎದುರಾಳಿಯನ್ನು ಹೆಸರಿನಿಂದ ಹುಡುಕಲಾಗುವುದಿಲ್ಲ. ಹೆಸರು ಇದ್ದಾಗಲೂ ಅದು ಒಂದೇ ಆಗಿರುವುದಿಲ್ಲ. ಮಾಸ್ತಿಯವರು ‘ಶ್ರೀನಿವಾಸ’ ಆಗಿರುತ್ತಾರೆ. ಬೇಂದ್ರೆಯವರು ‘ಅಂಬಿಕಾತನಯದತ್ತ’, ಗೋಕಾಕರು ‘ವಿನಾಯಕ’, ಮುಗಳಿಯವರು ‘ರಸಿಕರಂಗ’, ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’, ಪಂಜೆಯವರು ‘ಕವಿಶಿಷ್ಯ’. ಕಾವ್ಯನಾಮದಲ್ಲಿ ಬರೆದ ಕವಿತೆಗೆ ನಿಜನಾಮದಲ್ಲಿ ವಿಮರ್ಶೆ, ಅದಕ್ಕೆ ಬರಿಯ ಮೊದಲಕ್ಷರಗಳ ಸಹಿಯಲ್ಲಿ ಉತ್ತರ, ಕೊನೆಗೆ ‘ಸಂ.’ ಎಂಬ ಎರಡು ಚಿಹ್ನೆಗಳ ಕೆಳಗೆ ಸಂಪಾದಕರ ಸಮಾಪ್ತಿ – ಇಂತಹ ಸರಣಿಯೊಂದನ್ನು ಲೇಖಕಸೂಚಿಯ ಅಕಾರಾದಿಯಲ್ಲಿ ಹುಡುಕಹೊರಟವರಿಗೆ ಅದು ನಾಲ್ಕು ಬೇರೆ ಬೇರೆ ಎಡೆಗಳಲ್ಲಿ ಬಿಡಿಬಿಡಿಯಾಗಿ ಸಿಕ್ಕೀತು, ಅಥವಾ ಸಿಗಲಿಕ್ಕಿಲ್ಲ. ಒಂದೇ ಚರ್ಚೆ ಎಂದು ಗುರುತಿಸಲು ಅವುಗಳ ನಡುವೆ ಇರುವ ಏಕೈಕ ಬಂಧ ಸಂಚಿಕೆಗಳ ಅನುಕ್ರಮ.

ವಿಷಯದಿಂದ ಹುಡುಕುವುದೂ ಸುಲಭವಲ್ಲ. ಚರ್ಚೆಗೆ ಹೆಸರು ಬೀಳುವುದು ಚರ್ಚೆ ಮುಗಿದ ಮೇಲೆ. ಗೋವಿಂದ ಪೈಗಳು 1911ರ ಸುಮಾರಿಗೆ ಆದಿಪ್ರಾಸವನ್ನು ಕೈಬಿಟ್ಟರು. ಇಂದು ಅದನ್ನು ‘ಪ್ರಾಸತ್ಯಾಗದ ವಾಗ್ವಾದ’ ಎಂಬ ಶೀರ್ಷಿಕೆಯಡಿ ಪಾಠ ಹೇಳಲಾಗುತ್ತದೆ. ಆದರೆ ಆಗ ಬರೆದವರು ಆ ಶೀರ್ಷಿಕೆಯನ್ನು ಮುಂದಿಟ್ಟುಕೊಂಡು ಬರೆದವರಲ್ಲ. ಅಂತಹ ಚರ್ಚೆಯ ಮಾತುಗಳು ಕವನಸಂಗ್ರಹದ ಮುನ್ನುಡಿಯಲ್ಲಿ, ಛಂದಸ್ಸಿನ ಲೇಖನದ ನಡುವೆ, ಪುಸ್ತಕ ಪರಿಚಯದ ಕೊನೆಯ ಸಾಲಿನಲ್ಲಿ ಇರುತ್ತವೆ. ‘ನವ್ಯ’ ಎಂಬ ಶಬ್ದಕ್ಕೂ ಇದೇ ಗತಿ. ಅದು ಪಂಥನಾಮವಾಗುವ ಮೊದಲು ಹೊಸತು ಎಂಬ ಸಾಮಾನ್ಯ ಅರ್ಥದ ವಿಶೇಷಣವಾಗಿತ್ತು. ಆ ಪದವನ್ನು ಹುಡುಕಿದರೆ ಬೇಡದ ನೂರು ಎಡೆಗಳು ದೊರೆತು ಬೇಕಾದ ಎಡೆ ತಪ್ಪಿಹೋಗುತ್ತದೆ.

ಕಾಲಸೂಚನೆಯ ತೊಡಕು ಚಿಕ್ಕದೆಂದು ತೋರಿದರೂ ಫಲಿತಾಂಶದಲ್ಲಿ ಚಿಕ್ಕದಲ್ಲ. ಹಳೆಯ ಪತ್ರಿಕೆಗಳು ಅನೇಕ ವೇಳೆ ಸಂವತ್ಸರ ಮತ್ತು ಮಾಸಗಳ ಹೆಸರಿನಲ್ಲಿ ಸಂಚಿಕೆಯನ್ನು ಗುರುತಿಸುತ್ತವೆ. ತಾರಣ ಸಂವತ್ಸರವೆಂದರೆ 1944–45; ಅದೇ ಹೆಸರು 1884–85ಕ್ಕೂ 2004–05ಕ್ಕೂ ಸಲ್ಲುತ್ತದೆ. ಅರವತ್ತು ವರ್ಷಗಳ ಗೊಂದಲ ಕಾಗದವನ್ನು ನೋಡಿದ ಮಾತ್ರಕ್ಕೆ ಪರಿಹಾರವಾಗುತ್ತದೆ, ನಿಜ. ಆದರೆ ಸಂವತ್ಸರ ಯುಗಾದಿಗೆ ಆರಂಭವಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ಸಂಚಿಕೆಗಳು ಬಹುಮಟ್ಟಿಗೆ ಮುಂದಿನ ಇಸವಿಗೆ ಸೇರುತ್ತವೆ. ಸೂಚಿಕಾರರು ಇಡೀ ಸಂಪುಟಕ್ಕೆ ಒಂದೇ ಇಸವಿಯನ್ನು ಹಾಕಿಬಿಟ್ಟರೆ ಮಾಘದ ಉತ್ತರ ಅದರ ಹಿಂದಿನ ಶ್ರಾವಣದ ಪ್ರಶ್ನೆಯ ವರ್ಷದಲ್ಲೇ, ಕೆಲವೊಮ್ಮೆ ಬೇರೆ ಪತ್ರಿಕೆಯಲ್ಲಿ ಬಂದ ಪ್ರಶ್ನೆಗಿಂತಲೂ ಮೊದಲೇ ಬಂದಂತೆ ಕಾಣುತ್ತದೆ. ಯಾರು ಮೊದಲು ಹೇಳಿದರೆಂಬುದೇ ವಾದವಸ್ತುವಾಗಿರುವ ಸಂದರ್ಭದಲ್ಲಿ ಈ ಒಂದು ಅಂಕಿ ಇಡೀ ತೀರ್ಮಾನವನ್ನು ತಲೆಕೆಳಗು ಮಾಡಬಲ್ಲದು.

ಇನ್ನು ಭೂಗೋಳ. 1956ರ ಏಕೀಕರಣದ ಮೊದಲು ಕನ್ನಡದ ಚರ್ಚೆ ನಡೆಯುತ್ತಿದ್ದದ್ದು ಹಲವು ಆಡಳಿತಗಳ ನಡುವೆ ಹಂಚಿಹೋಗಿದ್ದ ಪ್ರದೇಶದಲ್ಲಿ. ಬ್ರಿಟಿಷ್ ಪ್ರಾಂತಗಳಲ್ಲಿ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಮುದ್ರಿತ ಕೃತಿಗಳನ್ನು ಪ್ರಾಂತ ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು; ಅವುಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತಿತ್ತು. ಧಾರವಾಡದಲ್ಲಿ ಅಚ್ಚಾದದ್ದು ಮುಂಬಯಿ ಪಟ್ಟಿಗೆ, ಮಂಗಳೂರಿನಲ್ಲಿ ಅಚ್ಚಾದದ್ದು ಮದರಾಸಿನ ಪಟ್ಟಿಗೆ ಸೇರಿದವು. ಮೈಸೂರು, ಹೈದರಾಬಾದು ಸಂಸ್ಥಾನಗಳ ವ್ಯವಸ್ಥೆ ಬೇರೆ. ಹೀಗಾಗಿ ಮೈಸೂರಿನ ವಿದ್ವಾಂಸರೊಬ್ಬರ ಲೇಖನಕ್ಕೆ ಧಾರವಾಡದ ಪತ್ರಿಕೆಯಲ್ಲಿ ಉತ್ತರ ಬಂದು ಅದರ ಮೇಲೆ ಮಂಗಳೂರಿನಿಂದ ಮೂರನೆಯ ಅಭಿಪ್ರಾಯ ಪ್ರಕಟವಾಗಿದ್ದರೆ ಆ ಮೂರೂ ಮೂರು ಬೇರೆ ಸರ್ಕಾರಗಳ ದಾಖಲೆಯ ವ್ಯಾಪ್ತಿಗೆ ಹೋಗುತ್ತಿದ್ದವು. ಕನ್ನಡಿಗರಿಗೆ ಒಂದೇ ರಾಜ್ಯವಿಲ್ಲದ ಕಾಲದಲ್ಲಿಯೂ ಒಂದೇ ಚರ್ಚೆ ಇತ್ತು. ಆ ಚರ್ಚೆಯೇ ಏಕೀಕರಣದ ಒಂದು ಪೂರ್ವರೂಪವಾಗಿತ್ತು. ಅದನ್ನು ಮರಳಿ ಜೋಡಿಸುವವರಿಗಾದರೋ ಹಳೆಯ ಪ್ರಾಂತಗಳ ಗಡಿಗಳು ಇಂದಿಗೂ ಜೀವಂತವಾಗಿವೆ. 1954ರ ಪುಸ್ತಕ ಒಪ್ಪಿಸುವಿಕೆ ಕಾಯಿದೆ ಬಂದ ಮೇಲೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ ಮೊದಲಾದ ಕಡೆ ಪ್ರತಿಗಳು ಸೇರತೊಡಗಿದವು. 1956ರ ತಿದ್ದುಪಡಿಯಿಂದ ವೃತ್ತಪತ್ರಿಕೆಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಸಾಹಿತ್ಯ ಚರ್ಚೆಗೆ ಆಸರೆಯಾದ ಕಿರುಪತ್ರಿಕೆಗಳಲ್ಲಿ ಹಲವು ಚಂದಾದಾರರಿಗೆ ಪ್ರತಿ ಕಳುಹಿಸುವುದಕ್ಕೇ ಏದುಸಿರು ಬಿಡುತ್ತಿದ್ದಂಥವು. ಕಾಯಿದೆಯ ಪ್ರತಿ ಎಲ್ಲ ಕಡೆಗೂ ತಪ್ಪದೆ ತಲುಪಿದೆಯೆಂದು ನಂಬಿ ಕೂರುವುದು ಕಷ್ಟ.

ಗ್ರಂಥಾಲಯಕ್ಕೆ ಬಂದ ಮೇಲೂ ಪತ್ರಿಕೆ ಪೂರ್ಣವಾಗಿ ಉಳಿಯುವುದಿಲ್ಲ. ಸಂಚಿಕೆಗಳನ್ನು ವರ್ಷಕ್ಕೊಮ್ಮೆ ರಟ್ಟು ಕಟ್ಟಿಸುವಾಗ ಹೊದಿಕೆಪುಟಗಳನ್ನು, ಜಾಹೀರಾತಿನ ಹಾಳೆಗಳನ್ನು ತೆಗೆದುಬಿಡುವುದು ರೂಢಿ. ಓದುಗರ ಪತ್ರಗಳು, ಸಂಪಾದಕರ ಸೂಚನೆಗಳು, ಹಿಂದಿನ ಸಂಚಿಕೆಯ ತಪ್ಪೋಲೆ, ‘ಈ ಚರ್ಚೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ’ ಎಂಬ ಘೋಷಣೆ ಮುದ್ರಿತವಾಗುತ್ತಿದ್ದದ್ದು ಎಷ್ಟೋ ವೇಳೆ ಅವೇ ಹಾಳೆಗಳಲ್ಲಿ. ಸೂಚಿಯಲ್ಲಿ ಇಡೀ ನಿಯತಕಾಲಿಕ ಒಂದೇ ನಮೂದು. ಅದರೊಳಗಿನ ಲೇಖನಗಳಿಗೆ ಸೂಚಿಯಿಲ್ಲ. ಲೇಖನಸೂಚಿಯನ್ನು ಮಾಡಿದ ಕಡೆಗಳಲ್ಲಿಯೂ ಸ್ವತಂತ್ರ ಲೇಖನಗಳಿಗೆ ಸ್ಥಾನವಿದೆ, ಪತ್ರಗಳಿಗಿಲ್ಲ. ಚರ್ಚೆಯ ಜೀವವಿರುವುದು ಪತ್ರಗಳಲ್ಲಿ.

ಸಮಗ್ರ ಸಂಪುಟಗಳ ವಿಚಾರವನ್ನು ಇದೇ ಸಂದರ್ಭದಲ್ಲಿ ಪ್ರಸ್ತಾಪಿಸಬೇಕು. ಕಳೆದ ಕೆಲವು ದಶಕಗಳಲ್ಲಿ ಕನ್ನಡದ ಪ್ರಮುಖ ಲೇಖಕರ ಬರಹಗಳನ್ನು ಸಂಪುಟಗಳಲ್ಲಿ ಒಟ್ಟುಗೂಡಿಸುವ ಕಾರ್ಯ ಸರ್ಕಾರ, ವಿಶ್ವವಿದ್ಯಾಲಯ, ಪ್ರತಿಷ್ಠಾನಗಳಿಂದ ವ್ಯಾಪಕವಾಗಿ ನಡೆದಿದೆ. ಸಾಮಾನ್ಯ ಓದುಗರಿಗೆ ಇವು ಮಾಡಿದ ಉಪಕಾರ ದೊಡ್ಡದು. ವಿಮರ್ಶೆಯ ಚರಿತ್ರೆಗೆ ಮಾತ್ರ ಇವುಗಳಿಂದ ಲಾಭದಷ್ಟೇ ಹಾನಿಯೂ ಆಗಿದೆ. ಸಮಗ್ರ ಎಂಬುದು ಒಬ್ಬ ವ್ಯಕ್ತಿಯ ಸಮಗ್ರ. ಒಂದು ಮಾತುಕತೆಯ ಸಮಗ್ರವಲ್ಲ. ಲೇಖಕರ ಉತ್ತರವನ್ನು ಅಲ್ಲಿ ಸೇರಿಸಲಾಗುತ್ತದೆ. ಆ ಉತ್ತರಕ್ಕೆ ಕಾರಣವಾದ ಬರಹ ಬೇರೆಯವರದಾದ್ದರಿಂದ ಕೈಬಿಡಲಾಗುತ್ತದೆ. ಕೆಲವೊಮ್ಮೆ ಅಡಿಟಿಪ್ಪಣಿಯಲ್ಲಿ ಅದರ ಪ್ರಸ್ತಾಪವೂ ಇರುವುದಿಲ್ಲ. ಸಮಗ್ರ ಬರುವ ಭಾಗ್ಯವಿಲ್ಲದ ಲೇಖಕರು, ಒಂದೇ ಒಂದು ಪತ್ರ ಬರೆದು ಮರೆಯಾದ ಶಾಲಾ ಉಪಾಧ್ಯಾಯರು, ಒಂದೆರಡು ಮೊನಚಾದ ವಿಮರ್ಶೆ ಬರೆದು ಸುಮ್ಮನಾದ ತರುಣರು ಈ ಕ್ರಮದಲ್ಲಿ ಸಂಪೂರ್ಣ ಅಳಿಸಿಹೋಗುತ್ತಾರೆ. ದೊಡ್ಡ ಲೇಖಕರು ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಂಡಂತೆ ಕಾಣುವ ವಿಚಿತ್ರ ಚಿತ್ರವೊಂದು ನಿರ್ಮಾಣವಾಗುತ್ತದೆ. ಸಂಪಾದಕರು ಪ್ರತಿಯೊಂದು ಉತ್ತರರೂಪದ ಬರಹದ ಜೊತೆಗೆ ಮೂಲ ಬರಹದ ಪತ್ರಿಕೆ, ಸಂಪುಟ, ಸಂಚಿಕೆ, ಪುಟಗಳ ವಿವರವನ್ನಾದರೂ ಕೊಡುವುದು ಕನಿಷ್ಠ ಕರ್ತವ್ಯ. ಪುಟಗಳ ಮಿತಿ ಇದಕ್ಕೆ ನೆಪವಾಗಲಾರದು. ಒಂದು ಸಾಲು ಸಾಕು.

ಗಣಕ ಬಂದ ಮೇಲೆ ಈ ತೊಡಕುಗಳು ನೀಗುತ್ತವೆಂಬ ನಿರೀಕ್ಷೆ ಸಹಜವಾಗಿತ್ತು. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಚಿತ್ರಗಳು ಸಿದ್ಧವಾದವು. ಆ ಜಾಲತಾಣ ನಿಂತುಹೋದ ಮೇಲೂ ಅವುಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿವೆ. ಇದು ಸಣ್ಣ ಸಂಗತಿಯಲ್ಲ. ಆದರೆ ಪುಟದ ಚಿತ್ರ ಬೇರೆ, ಹುಡುಕಬಲ್ಲ ಪಠ್ಯ ಬೇರೆ. ಶೀರ್ಷಿಕೆಗಳು ಅಲ್ಲಿ ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ, ಹ್ರಸ್ವದೀರ್ಘಗಳ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವಿಲ್ಲದೆ, ದಾಖಲಿಸಿದವರ ಕಿವಿಗೆ ಕೇಳಿಸಿದಂತೆ ಇವೆ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶ ಈಚಿನ ವರ್ಷಗಳಲ್ಲಿ ಗಣನೀಯವಾಗಿ ಸುಧಾರಿಸಿದೆ. ಹಳೆಯ ಅಚ್ಚಿನ ಮೊಳೆಗಳು, ಸವೆದ ಒತ್ತಕ್ಷರಗಳು, ಹಿಂಬದಿಯಿಂದ ಮೂಡಿದ ಮಸಿ ಇವುಗಳ ಮುಂದೆ ಅದು ಈಗಲೂ ಎಡವುತ್ತದೆ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಗಣಕದಲ್ಲಿಯೇ ಜೋಡಣೆಯಾದ ಪತ್ರಿಕೆಗಳ ಸ್ಥಿತಿಯೂ ಅಷ್ಟೇನೂ ಉತ್ತಮವಲ್ಲ. ಅವುಗಳ ಕಡತಗಳು ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತವನ್ನು ಅನುಸರಿಸಿದವಾದ್ದರಿಂದ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳು.

ಪಠ್ಯ ಶುದ್ಧವಾಗಿ ದೊರೆತರೂ ಕನ್ನಡದ ಸ್ವಭಾವ ಒಂದಿದೆ. ಸಂಧಿ, ಸಮಾಸ, ವಿಭಕ್ತಿಗಳಿಂದ ಪದ ಸದಾ ರೂಪ ಬದಲಿಸುತ್ತದೆ. ‘ಕರ್ಣಾಟಕ’ ಎಂದು ಬರೆದವರೂ ‘ಕರ್ನಾಟಕ’ ಎಂದು ಬರೆದವರೂ ಒಂದೇ ಚರ್ಚೆಯಲ್ಲಿ ಇದ್ದರು. ಇವೆಲ್ಲಕ್ಕೂ ತಾಂತ್ರಿಕ ಪರಿಹಾರ ದೊರೆಯಬಹುದು, ದೊರೆಯುತ್ತಲೂ ಇದೆ. ಆದರೆ ‘ಮಹನೀಯರೊಬ್ಬರು’ ಎಂಬಲ್ಲಿ ಆ ಮಹನೀಯರ ಹೆಸರನ್ನು ತೋರಿಸಬಲ್ಲ ಹುಡುಕಾಟದ ಯಂತ್ರ ಯಾವುದು? ಅದಕ್ಕೆ ಹಿಂದಿನ ಸಂಚಿಕೆಯೇ ಬೇಕು. ಗಣಕೀಕರಣದಲ್ಲಿ ಬಿಡಿ ಲೇಖನಗಳನ್ನು ಆಯ್ದು ಏರಿಸುವುದಕ್ಕಿಂತ ಒಂದು ಪತ್ರಿಕೆಯ ಇಡೀ ಓಟವನ್ನು, ಹೊದಿಕೆ ಜಾಹೀರಾತುಗಳ ಸಮೇತ, ಅನುಕ್ರಮ ಕೆಡದಂತೆ ಏರಿಸುವುದು ಹೆಚ್ಚು ಪ್ರಯೋಜನಕಾರಿ ಎಂಬುದು ಈ ಕಾರಣಕ್ಕೆ. ಆಯ್ಕೆ ಮಾಡುವವರು ತಮಗೆ ಮುಖ್ಯವೆಂದು ತೋರಿದ್ದನ್ನು ಆಯ್ದುಕೊಳ್ಳುತ್ತಾರೆ. ಮುಖ್ಯವೆಂದು ತೋರುವುದು ಈಗಾಗಲೇ ಚರಿತ್ರೆಯಲ್ಲಿ ಗೆದ್ದದ್ದು.

ಮೌಖಿಕವಾಗಿ ಹುಟ್ಟಿದ ಚರ್ಚೆಗಳ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ.ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಕುರಿತು ‘ಬೂಸಾ’ ಎಂಬ ಪದವನ್ನು ಬಳಸಿದರು. ಅದರ ವಿರುದ್ಧ ಪ್ರತಿಭಟನೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಸಚಿವಸ್ಥಾನವನ್ನು ತ್ಯಜಿಸಬೇಕಾಯಿತು. ಮುಂದಿನ ದಲಿತ ಚಳವಳಿಗೂ ಸಾಹಿತ್ಯಕ್ಕೂ ಈ ಘಟನೆ ಒಂದು ಮುಖ್ಯ ಪ್ರೇರಣೆಯಾಯಿತೆಂಬುದು ಸರ್ವವಿದಿತ. ಆದರೆ ಅವರು ಆಡಿದ ವಾಕ್ಯ ಯಾವುದು? ನಂತರದ ಬರಹಗಳಲ್ಲಿ ಅದು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಕನ್ನಡ ಸಾಹಿತ್ಯವೇ ಬೂಸಾ ಎಂದಿದ್ದರೆ ಕೆಲವರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಿದೆ. ‘ಬಹುಪಾಲು’ ಎಂಬ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಅದು ಒಂದು ಭಾಷೆಯ ನಿಂದನೆಯೋ ಒಂದು ಸಾಹಿತ್ಯ ವಿಮರ್ಶೆಯೋ ಎಂಬುದು ನಿಂತಿದೆ. ಎರಡನೆಯ ರೂಪವನ್ನು ಒಪ್ಪಿದರೆ, ತನ್ನ ಜನರ ಬದುಕು ಎಲ್ಲಿಯೂ ಕಾಣಿಸದ ಸಾಹಿತ್ಯರಾಶಿಯನ್ನು ಓದಿದವನೊಬ್ಬನ ಮೌಲ್ಯನಿರ್ಣಯವಾಗಿ ಅದನ್ನು ಕನ್ನಡ ವಿಮರ್ಶೆಯ ಚರಿತ್ರೆಯೊಳಗೇ ಇಡಬೇಕಾಗುತ್ತದೆ. ಇದುವರೆಗೆ ಅದನ್ನು ರಾಜಕೀಯ ಚರಿತ್ರೆಯ ಅಧ್ಯಾಯದಲ್ಲಿ ಇಟ್ಟು ವಿಮರ್ಶೆಯ ಚರಿತ್ರೆಯಿಂದ ಹೊರಗಿಡಲಾಗಿದೆ.

1979ರಲ್ಲಿ, ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಮನ್ನಣೆ ದೊರೆಯದೆ, ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿಯೂ ನಿರಾಕರಣೆಯ ಮಾತು ಒಂದು ಸಾಲಾಗಿ ಉಳಿದಿದೆ. ಬೇಡಿಕೆ ಯಾವ ಪದಗಳಲ್ಲಿತ್ತು, ನಿರಾಕರಣೆಗೆ ಕೊಟ್ಟ ಕಾರಣಗಳೇನು ಎಂಬ ವಿವರ ಅಂದಿನ ಪತ್ರವ್ಯವಹಾರ, ಆಮಂತ್ರಣಗಳು, ದಿನಪತ್ರಿಕೆಗಳ ‘ವಾಚಕರ ವಾಣಿ’ಯಂತಹ ಅಂಕಣಗಳಲ್ಲಿ ಹುಡುಕಬೇಕಾದದ್ದು.

ಬೂಸಾ ಪ್ರಕರಣದ ಮಟ್ಟಿಗೆ ಹುಡುಕಾಟದ ಕ್ಷೇತ್ರ ಸಾಕಷ್ಟು ಖಚಿತವಾಗಿದೆ: 1973ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಮೈಸೂರು, ಬೆಂಗಳೂರುಗಳ ದಿನಪತ್ರಿಕೆಗಳು, ಕನ್ನಡದವು ಮತ್ತು ಇಂಗ್ಲಿಷಿನವು ಎರಡೂ. ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತಿರುಗಿಸುವಾಗಲೂ, ಕನ್ನಡದ ವರದಿಯನ್ನು ಇಂಗ್ಲಿಷಿಗೆ ತಿರುಗಿಸುವಾಗಲೂ ‘ಬಹುಪಾಲು’ ಎಂಬಂತಹ ಪದವೇ ಮೊದಲು ಉದುರುವಂಥದ್ದು. ಒಂದೇ ದಿನದ ಪತ್ರಿಕೆಯ ನಗರದ ಆವೃತ್ತಿಗೂ ಹೊರ ಊರುಗಳಿಗೆ ಹೋಗುತ್ತಿದ್ದ ಆವೃತ್ತಿಗೂ ಪಾಠಭೇದವಿರಬಹುದು; ರಟ್ಟು ಕಟ್ಟಿದ ಸಂಪುಟಗಳಲ್ಲಿ ಇರುವುದು ಸಾಮಾನ್ಯವಾಗಿ ಯಾವುದಾದರೂ ಒಂದು. ಮೊದಲ ದಿನದ ವರದಿಯ ಜೊತೆಗೆ ಮರುದಿನದ ಸ್ಪಷ್ಟೀಕರಣವನ್ನೂ, ಅನಂತರದ ವಾರಗಳ ಓದುಗರ ಪತ್ರಗಳನ್ನೂ ದಿನಾಂಕದ ಅನುಕ್ರಮದಲ್ಲಿ ಎದುರುಬದುರಾಗಿಟ್ಟು ಓದಿದಾಗ ಆ ವಾಕ್ಯ ಯಾವ ದಿನ, ಯಾರ ಲೇಖನಿಯಲ್ಲಿ ತನ್ನ ‘ಬಹುಪಾಲು’ವನ್ನು ಕಳೆದುಕೊಂಡಿತು, ಅಥವಾ ಪಡೆದುಕೊಂಡಿತು ಎಂಬುದು ಗೊತ್ತಾಗಬೇಕು. ಆ ಎರಡು ತಿಂಗಳ ವೃತ್ತಪತ್ರಿಕೆಯ ಕಾಗದಕ್ಕೆ ಈಗ ಅರ್ಧ ಶತಮಾನ ಕಳೆದಿದೆ. ಮಡಿಕೆಯ ಗೆರೆಯಲ್ಲಿ ಮುರಿಯತೊಡಗುವ ವಯಸ್ಸು ಅದು. ಮೊದಲು ಉದುರಿಹೋಗುವುದು ಮಡಿಕೆಯ ಮೇಲೆ ಬಿದ್ದ ಸಾಲುಗಳು.